ಸಂಜೆಯೊಳಗೆ ಉತ್ತರ ಬಾರದಿದ್ದರೆ

ಬಸವಕಲ್ಯಾಣ
22 ಡಿಸೆಂಬರ್ 2025

‘ಸಿಬ್ಬಂದಿ ಮಿತ್ರ’ ಕಂಪನಿಯವರಿಗೆ,

ನಾನು ಉಜ್ವಲಾ. ಇಲ್ಲಿಯ ಮಚ್ಚೇಂದ್ರ ಸೇಠರ ಬೇಳೆ ಮಿಲ್ಲಿನ ಆಫೀಸು ನೋಡಿಕೊಳ್ಳುವವಳು. ಮುಂಜಾನೆಯಿಂದ ನಿಮ್ಮ ನಂಬರಿಗೆ ಫೋನು ಮಾಡಿ ಮಾಡಿ ಸಾಕಾಗಿ ಬರೆಯುತ್ತಿದ್ದೇನೆ. ಫೋನೆತ್ತುವ ಹೆಣ್ಣುಮಗಳು ಒಂದು ಒತ್ತಿ, ಎರಡು ಒತ್ತಿ ಎನ್ನುತ್ತಾಳೆ. ಒತ್ತಿದರೆ ಹಾಡು ಹಾಕುತ್ತಾಳೆ. ಹಾಡು ಮುಗಿದ ಮೇಲೆ ದೂರನ್ನು ಬರಹದಲ್ಲಿ ಕಳುಹಿಸಿ ಎಂದು ಹೇಳಿ ಇಟ್ಟುಬಿಡುತ್ತಾಳೆ. ಆಕೆ ಮನುಷ್ಯಳಲ್ಲ ಎಂದು ಗೊತ್ತಿದ್ದೂ ನಾನು ಎರಡು ಸಲ ಬೈದೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಕೆಲಸಗಾರರ ಹಾಜರಿ, ರಜೆ, ಪಗಾರ, ಆಸ್ಪತ್ರೆಯ ವಿಮೆ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುತ್ತದೆ ಎಂದು ಹೇಳಿ ದೀಪಾವಳಿ ಆದಮೇಲೆ ನಿಮ್ಮ ಕ್ಲೌಡ್ ಸಾಫ್ಟ್‌ವೇರ್ ಹಾಕಿಸಿದಿರಿ. ಮಿಲ್ಲಿನ ಬಾಗಿಲಲ್ಲಿ ಒಂದು ಫೋನು ತೂಗುಹಾಕಿ, ಅದಕ್ಕೆ ಮುಖ ತೋರಿಸಿ ಒಳಗೆ ಬನ್ನಿ ಎಂದಿರಿ. ನಮ್ಮ ಹೆಂಗಸರು ಸೆರಗು ಸರಿ ಮಾಡಿಕೊಂಡು, ಕುಂಕುಮ ತಿದ್ದಿಕೊಂಡು ಮುಖ ತೋರಿಸಿದರು. ಇಲ್ಲಿಯವರೆಗೆ ತಕರಾರಿಲ್ಲ.

ಮೊನ್ನೆ ಶುಕ್ರವಾರ ಎಳ್ಳ ಅಮಾವಾಸ್ಯೆ. ಮಿಲ್ಲು ಬಂದ್. ಎಲ್ಲರೂ ಹೊಲಕ್ಕೆ ಹೋಗಿ ಪೂಜೆ ಮಾಡಿ, ಸೊಪ್ಪು-ಕಾಳಿನ ಭಜ್ಜಿ, ರೊಟ್ಟಿ ಉಣ್ಣುತ್ತ ಕೂತಿದ್ದೆವು. ನಿಮ್ಮ ಸಾಫ್ಟ್‌ವೇರ್ ಮಾತ್ರ ಕೆಲಸಕ್ಕೆ ಬಂದಿತ್ತು. ಹೊಲದಲ್ಲಿ ಕೂತವರ ಫೋನಿಗೆಲ್ಲ ‘ನೀವು ಇಂದು ಗೈರುಹಾಜರಾಗಿದ್ದೀರಿ, ಕಾರಣ ತಿಳಿಸಿ’ ಎಂದು ಕಳುಹಿಸಿದೆ. ನಮ್ಮ ಭೀಮಬಾಯಿ ಅದಕ್ಕೆ, "ಭಜ್ಜಿ ಉಣ್ಣಾಕತ್ತೀನಿ, ನೀನೂ ಬಾ" ಅಂತ ಹೇಳಿ ಕಳಿಸಿದಳಂತೆ. ಇದನ್ನೆಲ್ಲ ನಕ್ಕು ಬಿಡಬಹುದಿತ್ತು.

ಆದರೆ ಸತ್ಯಮ್ಮ ಎಂಬಾಕೆಗೆ ಬೇರೆ ಸಂದೇಶ ಹೋಗಿದೆ. ಆಕೆಯ ಮಗಳು ನಿರ್ಣಾದಲ್ಲಿ ಹಡೆದಿದ್ದಾಳೆ. ಬುಧವಾರ, ಗುರುವಾರ ಬರುವುದಿಲ್ಲ ಎಂದು ಮಂಗಳವಾರ ಸಂಜೆಯೇ ಬಾಗಿಲಲ್ಲಿ ನಿಂತು ನನಗೆ ಹೇಳಿ ಹೋಗಿದ್ದಳು. ನಾನು ಹೂಂ ಎಂದಿದ್ದೆ. ನಮ್ಮಲ್ಲಿ ರಜೆ ಎಂದರೆ ಇಷ್ಟೇ, ಆಕೆ ಹೇಳುವುದು, ನಾನು ಹೂಂ ಎನ್ನುವುದು. ನಿಮ್ಮ ಯಂತ್ರ ಆ ಎರಡು ದಿನಕ್ಕೆ ಅಮಾವಾಸ್ಯೆಯನ್ನೂ ಸೇರಿಸಿ, ತಿಳಿಸದೆ ಮೂರು ದಿನ ಗೈರು, ಕೆಲಸ ಬಿಟ್ಟಿದ್ದೀರಿ ಎಂದು ಆಕೆಯ ಹೆಸರನ್ನೇ ತೆಗೆದುಹಾಕಿದೆ. ಶನಿವಾರ ಆಕೆ ಬರಲಿಲ್ಲ. ಇವತ್ತೂ ಬಂದಿಲ್ಲ. ಯಾಕೆಂದು ಕಂಪ್ಯೂಟರಿನಲ್ಲಿ ನೋಡಿದಾಗಲೇ ನನಗೆ ಇದು ತಿಳಿದದ್ದು.

ದಯವಿಟ್ಟು ಇಂದೇ ಸರಿಪಡಿಸಿ.

ಉಜ್ವಲಾ


23 ಡಿಸೆಂಬರ್ 2025

ಮಾನ್ಯ ಗ್ರಾಹಕರೇ,

‘ಸಿಬ್ಬಂದಿ ಮಿತ್ರ’ವನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು. ನಿಮ್ಮ ದೂರನ್ನು ಪರಿಶೀಲಿಸಲಾಗಿದೆ. ಶ್ರೀಮತಿ ಸತ್ಯಮ್ಮ ಅವರನ್ನು ನಿಯಮದಂತೆ, ನಿಮ್ಮ ಸಂಸ್ಥೆಯ ಒಪ್ಪಿಗೆ ದೊರೆತ ನಂತರವೇ ಕೆಲಸದಿಂದ ಬಿಡುಗಡೆ ಮಾಡಲಾಗಿದೆ. ಬಿಡುಗಡೆಯಾದವರನ್ನು ಹಿಂದಿನ ಸ್ಥಾನಕ್ಕೆ ಮರಳಿಸಲು ಅವಕಾಶವಿಲ್ಲ. ಬೇಕಿದ್ದಲ್ಲಿ ಹೊಸ ನೌಕರರಾಗಿ ಸೇರಿಸಿಕೊಳ್ಳಬಹುದು.

ನಿಮ್ಮ ದಿನ ಶುಭವಾಗಿರಲಿ.

ಸಾಕ್ಷಿ
ಗ್ರಾಹಕ ಸೇವೆ


ಬಸವಕಲ್ಯಾಣ
24 ಡಿಸೆಂಬರ್ 2025

ಸಾಕ್ಷಿ ಮೇಡಂ ಅವರೇ,

ನನ್ನ ದಿನ ಶುಭವಾಗಿಲ್ಲ. ನೀವಾದರೂ ಮನುಷ್ಯರೋ, ಹಾಡು ಹಾಕುವವಳ ತಂಗಿಯೋ ತಿಳಿಯದು. ಮನುಷ್ಯರೇ ಎಂದುಕೊಂಡು ಬರೆಯುತ್ತೇನೆ.

ಹೊಸದಾಗಿ ಸೇರಿಸಿಕೊಳ್ಳಿ ಎನ್ನುತ್ತೀರಿ. ಸತ್ಯಮ್ಮನ ಗಂಡ ತುಳಜಾರಾಮನ ಎರಡೂ ಮೂತ್ರಪಿಂಡ ಕೆಟ್ಟಿವೆ. ವಾರಕ್ಕೆ ಎರಡು ಸಲ ಆಸ್ಪತ್ರೆಯಲ್ಲಿ ಮಲಗಿಸಿ ರಕ್ತ ತೊಳೆಯುತ್ತಾರೆ. ಅದು ನಡೆಯುವುದೇ ಹೆಂಡತಿಯ ಹೆಸರಿನ ವಿಮೆ ಕಾರ್ಡಿನ ಮೇಲೆ. ಆ ಹಳೆಯ ಕಾರ್ಡನ್ನು ಈಗ ನಿಮ್ಮ ಸಾಫ್ಟ್‌ವೇರಿಗೆ ಸೇರಿಸಿದ್ದೀರಿ. ಹೆಸರು ಹೋದರೆ ಕಾರ್ಡು ಹೋಯಿತು. ಹೊಸದಾಗಿ ಸೇರಿದರೆ ಹಳೆಯ ರೋಗಕ್ಕೆ ಎಷ್ಟೋ ತಿಂಗಳು ವಿಮೆ ಸಿಗುವುದಿಲ್ಲ ಎಂದು ನೀವೇ ಕೊಟ್ಟ ಪುಸ್ತಿಕೆಯಲ್ಲಿದೆ. ಅಷ್ಟು ತಿಂಗಳು ಆ ಮನುಷ್ಯ ಏನು ಮಾಡಬೇಕು?

ನಿನ್ನೆಯಿಂದ ಆಕೆಗೆ ಫೋನು ಮಾಡುತ್ತಿದ್ದೇನೆ. ಗಂಟೆ ಹೊಡೆಯುತ್ತದೆ, ಯಾರೂ ಎತ್ತುವುದಿಲ್ಲ. ಆಕೆ ಹಾಗೆ ಮಾಡುವವಳಲ್ಲ.

ನಮ್ಮ ಸೇಠರು, "ಹೋದ್ರ ಹೋಗ್ಲಿ ಬಿಡು, ಇನ್ನೊಬ್ಬಾಕಿನ್ನ ತೊಗೊ" ಎಂದರು. ನಾನು ಜಗಳ ತೆಗೆದ ಮೇಲೆ ಜನವರಿ ಐದು, ಸೋಮವಾರದ ತನಕ ಆ ಜಾಗ ಖಾಲಿ ಇಡಲು ಒಪ್ಪಿದ್ದಾರೆ.

ನೀವು ಬೆಂಗಳೂರಿನಲ್ಲಿ ಗಾಜಿನ ಕಟ್ಟಡದಲ್ಲಿ ತಂಪಾಗಿ ಕೂತವರು. ಎಳ್ಳ ಅಮಾವಾಸ್ಯೆ ಎಂದರೆ ಏನೆಂದು ನಿಮಗೆ ಹೇಗೆ ಗೊತ್ತಾಗಬೇಕು? ಆ ದಿನ ಬೀದರ್ ಸೀಮೆಯಲ್ಲಿ ನಾಯಿ ಕೂಡ ಊರಲ್ಲಿರುವುದಿಲ್ಲ, ಹೊಲಕ್ಕೆ ಹೋಗಿರುತ್ತದೆ. ನಿಮಗೆ ಅದು ಬರೀ ಗೈರುಹಾಜರಿ.

ಉಜ್ವಲಾ


26 ಡಿಸೆಂಬರ್ 2025

ಉಜ್ವಲಾ ಮೇಡಂ,

ನಿಮ್ಮ ಪತ್ರಕ್ಕೆ ಆಫೀಸಿನ ಸಿದ್ಧ ಉತ್ತರವನ್ನೇ ಕಳಿಸಬೇಕಿತ್ತು. ಎರಡು ದಿನ ಅದನ್ನು ಮುಂದಿಟ್ಟುಕೊಂಡು ಕೂತೆ, ಕಳಿಸಲು ಆಗಲಿಲ್ಲ. ಇದನ್ನು ನನ್ನ ಸ್ವಂತ ವಿಳಾಸದಿಂದ ಬರೆಯುತ್ತಿದ್ದೇನೆ. ಇನ್ನು ಮುಂದೆ ಬರೆಯುವುದಾದರೆ ಇಲ್ಲಿಗೇ ಬರೆಯಿರಿ. ಆಫೀಸಿಗೆ ಬಂದದ್ದನ್ನೆಲ್ಲ ಅಂಬರೀಷ ಸರ್ ಓದುತ್ತಾರೆ. ಅವರೇ ನಮ್ಮ ಕಂಪನಿಯ ಮಾಲೀಕರು.

ಮೊದಲನೆಯದು, ನಾನು ಬೆಂಗಳೂರಿನಲ್ಲಿಲ್ಲ. ಹುಮನಾಬಾದಿನಲ್ಲಿದ್ದೇನೆ. ಬಸ್ ನಿಲ್ದಾಣದ ಹತ್ತಿರ, ಬಳೆ ಅಂಗಡಿಯ ಮೇಲೆ ಎರಡು ಖೋಲಿ, ಅದೇ ನಮ್ಮ ಕಂಪನಿ. ಗಾಜು ಎಂದರೆ ಕಿಟಕಿಗೆ ಒಂದಿದೆ, ಅದೂ ಒಡೆದಿದೆ. ಅಮಾವಾಸ್ಯೆಯ ದಿನ ನಮ್ಮ ಆಫೀಸಿಗೂ ಬೀಗ. ನಾನು ಇಲ್ಲೇ ಹತ್ತಿರದ ದುಬಲಗುಂಡಿಯವಳು. ನಮ್ಮ ಹೊಲದಲ್ಲಿ ಐದು ಕಲ್ಲಿನ ಪಾಂಡವರನ್ನು ಕೂಡಿಸಿ ಪೂಜೆ ಮಾಡಿ, ಬೆಳೆಯ ನಡುವೆ ಎಡೆಯ ಚರಗ ಚೆಲ್ಲಿದ್ದೆವು. ನೀವು ಭಜ್ಜಿ ಉಣ್ಣುವ ಹೊತ್ತಿಗೆ ನಾನೂ ಉಣ್ಣುತ್ತಿದ್ದೆ.

ಎರಡನೆಯದು, ನಿಮ್ಮ ಪತ್ರ ಓದಿ ನನಗೆ ಮರುಕಕ್ಕಿಂತ ಸಿಟ್ಟೇ ಹೆಚ್ಚು ಬಂತು. ಒಬ್ಬರನ್ನು ತೆಗೆಯುವ ಮುನ್ನ ಸಾಫ್ಟ್‌ವೇರ್ ಆಫೀಸಿನವರನ್ನು ಕೇಳುತ್ತದೆ. ನಿಮ್ಮನ್ನೂ ಕೇಳಿದೆ. ‘ಉಜ್ವಲಾ, ಒಪ್ಪಿಗೆ’ ಎಂದು ನನ್ನ ಮುಂದೆ ಕಾಣುತ್ತಿದೆ. ತೆಗೆಯುವಾಗ ಇರದ ಕಾಳಜಿ ತೆಗೆದ ಮೇಲೆ ಬರುವುದು ನನಗೆ ಹೊಸದಲ್ಲ. ಸೇಠರ ಮನಸ್ಸಿಗೆ ಬಂದದ್ದನ್ನು ಮಾಡಿ ಆಮೇಲೆ ಯಂತ್ರದ ಮೇಲೆ ಹಾಕುವವರು ದಿನಕ್ಕೊಬ್ಬರು ಸಿಗುತ್ತಾರೆ.

ಹೀಗೆ ಬರೆಯಬಾರದಿತ್ತು. ಬರೆದಾಯಿತು.

ಸಾಕ್ಷಿ


ಬಸವಕಲ್ಯಾಣ
26 ಡಿಸೆಂಬರ್ 2025, ಸಂಜೆ

ಸಾಕ್ಷಿ,

ಮೇಡಂ ಗೀಡಂ ಬಿಡುತ್ತೇನೆ. ನಿನ್ನ ಬರಹ ನೋಡಿದರೆ ನನಗಿಂತ ಬಹಳ ಚಿಕ್ಕವಳು. ಫೋನು ಮಾಡೋಣ ಅಂದುಕೊಂಡೆ, ಆದರೆ ಬಾಯಿಬಿಟ್ಟರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಬರೆಯುವಾಗ ಸ್ವಲ್ಪ ತಡೆಯುತ್ತೇನೆ.

ನಾನು ಒಪ್ಪಿಗೆ ಕೊಟ್ಟೆನೇ? ಯಾವಾಗ ಕೊಟ್ಟೆ? ಆ ದಿನ ನನ್ನ ಫೋನು ಕೈಚೀಲದಲ್ಲಿತ್ತು, ಕೈಚೀಲ ಜಾಲಿಗಿಡಕ್ಕೆ ತೂಗುಬಿದ್ದಿತ್ತು. ನಮ್ಮ ತಮ್ಮನ ಹೊಲ ತಗ್ಗಿನಲ್ಲಿದೆ, ಅಲ್ಲಿ ಸಿಗ್ನಲ್ ಬರಬೇಕಾದರೆ ಒಡ್ಡಿನ ಮೇಲೆ ಹತ್ತಿ ನಿಲ್ಲಬೇಕು. ಅಮಾವಾಸ್ಯೆಯ ದಿನ ಯಾರು ಒಡ್ಡು ಹತ್ತುತ್ತಾರೆ? ಮನೆಗೆ ಬಂದು ನೋಡಿದಾಗ ಕತ್ತಲಾಗಿತ್ತು. ಎಷ್ಟೋ ಸಂದೇಶ ಬಂದಿದ್ದವು, ಶುಭಾಶಯಗಳೇ ಜಾಸ್ತಿ. ಒಂದನ್ನೂ ಒತ್ತಿಲ್ಲ. ಸತ್ಯಮ್ಮನನ್ನು ತೆಗೆಯಲು ನಾನು ಒಪ್ಪುತ್ತೇನೆಯೇ? ನಮ್ಮ ಅವ್ವ ತೀರಿಕೊಂಡ ವರ್ಷ, ನಾನು ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದೆ. ಆಕೆ ದಿನಾ ಮಧ್ಯಾಹ್ನ ಅರ್ಧ ಕಪ್ಪು ಚಹಾ ತಂದಿಟ್ಟು, "ಬಾಯಿ, ಚಹಾ ಕುಡೀರಿ, ಆರ್ತದ" ಎನ್ನುತ್ತಿದ್ದಳು. ಆ ವಾಡಿಕೆ ಆಮೇಲೂ ಬಿಡಲಿಲ್ಲ.

ಇನ್ನೊಂದು ಕೇಳುತ್ತೇನೆ. ನೀನೂ ಹೊಲದಲ್ಲಿದ್ದೆ, ನಿಮ್ಮ ಆಫೀಸಿಗೂ ಬೀಗವಿತ್ತು, ಹಾಗಾದರೆ ಆ ದಿನ ಕೆಲಸದ ದಿನ ಎಂದು ನಿಮ್ಮ ಯಂತ್ರಕ್ಕೆ ಹೇಳಿದವರು ಯಾರು?

ಉಜ್ವಲಾ


ಹುಮನಾಬಾದ್
28 ಡಿಸೆಂಬರ್ 2025

ಉಜ್ವಲಕ್ಕಾ,

ಹಾಗೆ ಕರೆಯಬಹುದೆಂದುಕೊಂಡಿದ್ದೇನೆ. ನನ್ನನ್ನು ಕ್ಷಮಿಸಿ. ಭಾನುವಾರ ಆಫೀಸಿನ ಕೀಲಿ ತೆಗೆದುಕೊಂಡು ಬಂದು ಒಬ್ಬಳೇ ಕೂತು ಎಲ್ಲ ನೋಡಿದೆ.

ನೀವು ಏನನ್ನೂ ಒತ್ತಿಲ್ಲ. ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ನಿಯಮವಿದೆ. ಯಾವ ಒಪ್ಪಿಗೆ ಕೇಳಿದರೂ, ಸಂಜೆ ಆರರೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಇದೆ ಎಂದೇ ತಿಳಿಯುತ್ತದೆ. ಸಣ್ಣ ಅಂಗಡಿ, ಮಿಲ್ಲಿನವರು ಯಾವುದಕ್ಕೂ ಬೇಗ ಉತ್ತರ ಕೊಡುವುದಿಲ್ಲ, ಅವರಿಗೆ ಕಾದರೆ ಕೆಲಸ ನಿಲ್ಲುತ್ತದೆ ಎಂದು ಅಂಬರೀಷ ಸರ್ ಹಾಗೆ ಮಾಡಿಸಿದ್ದು. ಅದು ಗೊತ್ತಿದ್ದೂ ನಾನು ನಿಮ್ಮ ಹೆಸರು ನೋಡಿದ ಕೂಡಲೇ ನಿಮ್ಮನ್ನು ತಪ್ಪಿತಸ್ಥರನ್ನಾಗಿ ಮಾಡಿದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಹೇಳಿದವಳು ನಾನೇ. ನಿಮ್ಮ ಮಿಲ್ಲಿನ ರಜೆಗಳನ್ನು ತುಂಬಿದ್ದು ನಾನು. ಬೇರೆ ಕಡೆ ತಯಾರಾದ ಒಂದು ಪಟ್ಟಿ ಇತ್ತು, ಅದನ್ನೇ ಹಾಕಿ ನಿಮಗೆ ಕಳಿಸಿದೆ. ನೀವು ಸರಿ ಇದೆ ಎಂದಿರಿ. ಅದರಲ್ಲಿ ಎಳ್ಳ ಅಮಾವಾಸ್ಯೆ ಇರಲಿಲ್ಲ. ನೀವೂ ನೋಡಲಿಲ್ಲ, ನಾನೂ ನೋಡಲಿಲ್ಲ. ಆ ದಿನ ಯಾರೂ ಕೆಲಸ ಮಾಡುವುದಿಲ್ಲ ಎಂಬುದನ್ನು ಬರೆದು ತಿಳಿಸಬೇಕಾಗುತ್ತದೆ ಎಂದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಪಟ್ಟಿ ಮಾಡಿದವರು ದೂರದವರು, ಅವರದ್ದೇನೂ ತಪ್ಪಿಲ್ಲ.

ನಿನ್ನೆ ಅಂಬರೀಷ ಸರ್‌ಗೆ ಮೆಲ್ಲಗೆ ಕೇಳಿ ನೋಡಿದೆ. "ಒಬ್ಬರಿಗೆ ವಾಪಸ್ ಮಾಡಿದ್ರ ನಾಳಿಗಿ ಎಲ್ಲಾರೂ ಬರ್ತಾರ. ನಮ್ಮ ಸಾಫ್ಟ್‌ವೇರ್ ತಪ್ಪು ಮಾಡ್ತದಂತ ಊರೆಲ್ಲ ಸುದ್ದಿ ಆಗ್ತದ. ಆ ಮಾತ ತೆಗೀಬ್ಯಾಡ" ಎಂದರು. ಕೆಟ್ಟ ಮನುಷ್ಯರಲ್ಲ ಅಕ್ಕಾ. ಕಂಪನಿ ಇನ್ನೂ ಕಾಲೂರಿಲ್ಲ, ಅವರಿಗೂ ಹೆದರಿಕೆ. ನನಗೂ ಇದೆ, ನಾನಿನ್ನೂ ಕಾಯಂ ಆಗಿಲ್ಲ.

ಸಿದ್ಧ ಉತ್ತರದಲ್ಲಿ ಅವಕಾಶವಿಲ್ಲ ಎಂದಿದ್ದೆ, ಆದರೆ ಒಂದು ದಾರಿ ಇದೆ. ಹೆಸರು ಮರಳಿಸುವ ಕೋರಿಕೆಯನ್ನು ನಾನು ಹಾಕಬಹುದು. ಒಪ್ಪಿದರೆ ತೆಗೆದ ದಿನದಿಂದಲೇ ಹೆಸರು ಕೂಡಿಕೊಳ್ಳುತ್ತದೆ, ಕಾರ್ಡು ಕಡಿಯುವುದಿಲ್ಲ. ಅದಕ್ಕೆ ಅಂಬರೀಷ ಸರ್ ಒಪ್ಪಬೇಕು. ಅಥವಾ ಅದೇ ನಿಯಮ ಇಲ್ಲಿಯೂ ಇದೆ, ಅವರು ಸಂಜೆ ಆರರೊಳಗೆ ಬೇಡ ಎನ್ನದೆ ಇರಬೇಕು. ಐದನೇ ತಾರೀಖು ಅವರು ಸೋಲಾಪುರಕ್ಕೆ ಹೋಗುತ್ತಾರೆ, ದಿನವಿಡೀ ಅಲ್ಲಿಯ ವ್ಯಾಪಾರಿಗಳಿಗೆ ಸಾಫ್ಟ್‌ವೇರ್ ತೋರಿಸುವುದಿದೆ. ಕೋರಿಕೆ ಹಾಕಿದ ದಿನ ಸತ್ಯಮ್ಮ ಮಿಲ್ಲಿನಲ್ಲಿದ್ದು ಬಾಗಿಲಿನ ಫೋನಿಗೆ ಮುಖ ತೋರಿಸಬೇಕು. ಒಂದೇ ಸಲ ಹಾಕಲು ಬರುತ್ತದೆ. ತಿರಸ್ಕಾರವಾದರೆ ಮುಗಿಯಿತು.

ಆಕೆಯನ್ನು ಹುಡುಕಿರಿ ಅಕ್ಕಾ.

ಸಾಕ್ಷಿ


ಬಸವಕಲ್ಯಾಣ
29 ಡಿಸೆಂಬರ್ 2025

ಸಾಕ್ಷಿ,

ನಿನ್ನನ್ನು ಬೈಯಲು ಕುಳಿತೆ. ಸರಿ ಇದೆ ಎಂದು ಹೇಳಿದವಳು ನಾನೇ ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಇವತ್ತು ಮಧ್ಯಾಹ್ನ ರಾಜೇಶ್ವರಕ್ಕೆ ಹೋಗಿದ್ದೆ, ಸತ್ಯಮ್ಮನ ಮನೆಗೆ. ಬೀಗ ಹಾಕಿದೆ. ಪಕ್ಕದ ಮನೆಯ ಸರ್ವರಿ ಹೊರಗೆ ಬಂದಳು. ಗಂಡನನ್ನೂ ಕರೆದುಕೊಂಡು ನಿರ್ಣಾದ ಮಗಳ ಮನೆಗೆ ಹೋಗಿದ್ದಾರಂತೆ. ಆಸ್ಪತ್ರೆಯವರು ಕಾರ್ಡು ನಡೆಯುವುದಿಲ್ಲ ಎಂದು ಒಂದು ಸಲ ವಾಪಸು ಕಳಿಸಿದರಂತೆ. ನಾನು ಯಾರೆಂದು ಹೇಳಿರಲಿಲ್ಲ. ಆಕೆ ತಾನಾಗಿಯೇ, "ಮಿಲ್ಲಿನ ಉಜ್ವಲಾಬಾಯಿ ಕೆಲಸದಿಂದ ತೆಗದಾಳ್ರಿ. ಹೆಸರು ಹಾಕಿ ಕಳಸ್ಯಾಳ. ಅಳಿಯ ಓದಿ ಹೇಳಿದ, ನಾನೂ ಕೇಳೀನಿ" ಎಂದಳು.

ಸಂದೇಶದ ಕೆಳಗೆ ನನ್ನ ಹೆಸರಿತ್ತೇ? ನೀನು ಇದನ್ನು ಹೇಳಲಿಲ್ಲ.

ಬಸ್ಸಿನಲ್ಲಿ ಬರುವಾಗ ಅತ್ತೆ. ಹತ್ತಿರ ಕೂತಾಕೆ ಯಾರಾದರೂ ಸತ್ತರೇನು ಎಂದು ಕೇಳಿದಳು. ನನಗೆ ನಿರ್ಣಾಕ್ಕೆ ಹೋಗಲು ಧೈರ್ಯ ಸಾಲದು. ನನ್ನನ್ನು ಕಂಡರೆ ಆಕೆ ಬಾಗಿಲು ಮುಚ್ಚಿದರೆ ನಾನೇನು ಮಾಡಲಿ? ನೀನು ಹುಮನಾಬಾದಿನಲ್ಲಿದ್ದೀ, ನಿನಗೆ ಹತ್ತಿರ. ಹೋಗಿ ಬರುತ್ತೀಯಾ? ನಾನು ಕಳಿಸಿದೆ ಎಂದು ಮಾತ್ರ ಹೇಳಬೇಡ.

ಉಜ್ವಲಾ


ಹುಮನಾಬಾದ್
31 ಡಿಸೆಂಬರ್ 2025

ಉಜ್ವಲಕ್ಕಾ,

ಹೌದು, ಎಲ್ಲ ಸಂದೇಶದ ಕೆಳಗೂ ಆಫೀಸು ನೋಡುವವರ ಹೆಸರು ತಾನಾಗಿ ಬರುತ್ತದೆ. ಹೇಳಿದರೆ ನಿಮಗೆ ನೋವಾಗುತ್ತದೆಂದು ಬಿಟ್ಟೆ. ಬೇರೆ ಯಾರೋ ಹೇಳಿ ಹೆಚ್ಚು ನೋವಾಯಿತು.

ತಲೆನೋವು ಎಂದು ಸುಳ್ಳು ಹೇಳಿ ಇವತ್ತು ಬೇಗ ಹೊರಟು ನಿರ್ಣಾಕ್ಕೆ ಹೋಗಿದ್ದೆ. ಮನೆ ಸಿಕ್ಕಿತು. ಸತ್ಯಮ್ಮ ಹೊರಗೆ ಕೂತು ಕೂಸಿನ ಬಟ್ಟೆ ಮಡಚುತ್ತಿದ್ದರು. ತುಳಜಾರಾಮ ಕಾಕಾ ಹೊರಸಿನ ಮೇಲೆ ಮಲಗಿದ್ದರು. ಪಾದ ಬಾತಿವೆ, ಮುಖವೂ ಊದಿದೆ. ಒಂದು ಸಲದ ಚಿಕಿತ್ಸೆಯನ್ನು ಅಳಿಯ ಹೇಗೋ ಹೊಂದಿಸಿ ಮಾಡಿಸಿದ್ದಾನೆ. ಮುಂದಿನದು ಹೇಗೆಂದು ನಾನು ಕೇಳಿದಾಗ ಎಲ್ಲರೂ ಕೂಸಿನ ಕಡೆ ನೋಡಿದರು.

ನಾನು ಸಾಫ್ಟ್‌ವೇರ್ ಕಂಪನಿಯವಳು, ತಪ್ಪು ನನ್ನದು, ಉಜ್ವಲಾಬಾಯಿಗೆ ಗೊತ್ತೇ ಇರಲಿಲ್ಲ ಎಂದು ಹೇಳಿದೆ. ಆಕೆ ಪೂರ್ತಿ ಕೇಳಿದರು. ಆಮೇಲೆ ಅಂದ ಮಾತನ್ನು ಹಾಗೇ ಬರೆಯುತ್ತೇನೆ, ನೀವು ಕೇಳಲೇಬೇಕು.

"ನೀ ಸಣ್ಣಾಕಿ ಇದ್ದಿ, ನಿನ್ನ ಮ್ಯಾಲ ನಂಗ ಸಿಟ್ಟಿಲ್ಲವ್ವಾ. ಮಶೀನಿಗಿ ಏನು ಮಾಲೂಮ್? ಆದ್ರ ನಾ ಬಾಗಲದಾಗ ನಿಂತು ಆಕಿಗಿ ಬಾಯಿಲೆ ಹೇಳಿ ಬಂದಿದ್ದೆ. ಆಕಿ ಹೂಂ ಅಂದಿದ್ಳು. ಹೂಂ ಅಂದಾಕಿ ಹೆಸರಿನ್ಯಾಗ ಹ್ಯಾಂಗ ಬಂತದು? ಆಕಿ ಬಂದು ಬಾಯಿಲೆ ನೀ ಬ್ಯಾಡ ಅಂದಿದ್ರ ನಾ ತಡಕೋತಿದ್ದೆ."

ಫೋನು ಯಾಕೆ ಎತ್ತಲಿಲ್ಲ ಎಂದೆ. "ಇನ್ನೇನು ಕೇಳೂದು ಉಳದದ ಅಂತ ಎತ್ಲಿ?" ಎಂದರು.

ಸೋಮವಾರದ ವಿಷಯ ಹೇಳಿದೆ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಉಂಡು ಹೋಗು ಎಂದು ರೊಟ್ಟಿ ಕೊಟ್ಟರು. ಆ ಮನೆಯಲ್ಲಿ ಕೂತು ಆ ರೊಟ್ಟಿ ಉಣ್ಣುವುದು ನನಗೆ ಬಹಳ ಕಷ್ಟವಾಯಿತು.

ನನ್ನಿಂದ ಆಗುವುದು ಇಷ್ಟೇ ಅಕ್ಕಾ. ಇನ್ನು ನೀವೇ ಹೋಗಬೇಕು.

ಸಾಕ್ಷಿ


ಬಸವಕಲ್ಯಾಣ
1 ಜನವರಿ 2026

ಸಾಕ್ಷಿ,

ಹೋಗುತ್ತೇನೆ.

ಉಜ್ವಲಾ


ಹುಮನಾಬಾದ್
4 ಜನವರಿ 2026

ಉಜ್ವಲಕ್ಕಾ,

ಹೋಗುತ್ತೇನೆ ಎಂದವರು ಆಮೇಲೆ ಒಂದು ಅಕ್ಷರ ಬರೆದಿಲ್ಲ. ಎರಡು ಸಲ ಕೇಳಿ ಬರೆದೆ, ಉತ್ತರವಿಲ್ಲ. ಆಕೆ ಏನೆಂದರು? ಮುಖ ತಿರುವಿದರೇ? ಕಾಕಾ ಹೇಗಿದ್ದಾರೆ? ಕೆಟ್ಟ ಸುದ್ದಿ ಏನೂ ಇಲ್ಲ ತಾನೇ? ನಮ್ಮ ಅವ್ವ ಊಟಕ್ಕೆ ಕರೆದರೆ ಕೇಳಿಸುತ್ತಿಲ್ಲ, ಯಾರಿಗೆ ಮನಸ್ಸು ಕೊಟ್ಟಿದ್ದೀ ಎಂದು ಗುಮಾನಿ ಪಡುತ್ತಿದ್ದಾಳೆ. ಬೇಳೆ ಹಸನು ಮಾಡುವ ಒಬ್ಬ ಮುದುಕಿಗೆ ಎಂದರೆ ನಂಬುತ್ತಾಳೆಯೇ?

ನಾಳೆ ಅಂಬರೀಷ ಸರ್ ಬೆಳಗಿನ ಬಸ್ಸಿಗೆ ಸೋಲಾಪುರಕ್ಕೆ ಹೊರಡುತ್ತಾರೆ. ಸತ್ಯಮ್ಮ ಇಲ್ಲದೆ ನಾನು ಕೋರಿಕೆ ಹಾಕಿದರೆ ಅದು ವ್ಯರ್ಥ. ಹಾಕದೆ ಇದ್ದರೆ ಸೇಠರ ಗಡುವು ಮುಗಿಯುತ್ತದೆ. ನಿಮ್ಮ ಮೌನವನ್ನು ನಾನು ಏನೆಂದು ತಿಳಿಯಲಿ?

ಸಾಕ್ಷಿ


ಬಸವಕಲ್ಯಾಣ
5 ಜನವರಿ 2026, ಬೆಳಿಗ್ಗೆ

ಬಂದಿದ್ದಾಳೆ. ನಿನ್ನೆಯೇ ನಿರ್ಣಾದಿಂದ ಮನೆಗೆ ಮರಳಿ, ಇವತ್ತು ರಾಜೇಶ್ವರದಿಂದ ಮೊದಲ ಬಸ್ಸಿಗೆ ಬಂದು, ನಾನು ಬರುವ ಮುಂಚೆಯೇ ಬಾಗಿಲಲ್ಲಿ ನಿಂತಿದ್ದಳು. ಫೋನಿಗೆ ಮುಖ ತೋರಿಸಿದಳು. ‘ಈ ವ್ಯಕ್ತಿ ನಮ್ಮ ದಾಖಲೆಯಲ್ಲಿಲ್ಲ’ ಎಂದು ಅದು ಗಟ್ಟಿಯಾಗಿ ಕೂಗಿತು. ಸಾಲಿನಲ್ಲಿದ್ದ ಹೆಂಗಸರೆಲ್ಲ ನೆಲ ನೋಡಿದರು. ಆಕೆ ಅಲುಗಾಡಲಿಲ್ಲ. ಹಾಕು ಕೋರಿಕೆ.


ಹುಮನಾಬಾದ್
5 ಜನವರಿ 2026, ಬೆಳಿಗ್ಗೆ

ಹಾಕಿದೆ. ಕಾರಣ ಎಂಬಲ್ಲಿ ‘ಎಳ್ಳ ಅಮಾವಾಸ್ಯೆಯನ್ನು ರಜೆ ಎಂದು ತುಂಬದೆ ಇದ್ದದ್ದು ಕಂಪನಿಯ ತಪ್ಪು’ ಎಂದು ಬರೆದು ನನ್ನ ಹೆಸರು ಹಾಕಿದ್ದೇನೆ. ಆಕೆ ತೋರಿಸಿದ ಮುಖ ದಾಖಲಾಗಿದೆ. ಹೆಸರಿಲ್ಲ ಎಂದು ಕೂಗಿದರೂ ಯಂತ್ರ ನೋಡಿದ್ದನ್ನು ಇಟ್ಟುಕೊಂಡಿರುತ್ತದೆ. ಇನ್ನು ಕಾಯುವುದೇ.


ಬಸವಕಲ್ಯಾಣ
5 ಜನವರಿ 2026, ಮಧ್ಯಾಹ್ನ

ಏನಾಯಿತು? ಸೇಠರು ಎರಡು ಸಲ ಬಂದು ಹೋದರು. "ಆಕಿ ಹೆಸರಿಲ್ಲ ಅಂದಮ್ಯಾಲ ಒಳಗ ಯಾಕ ಕೂಡ್ಸೀದಿ? ಏನರ ಆದ್ರ ಯಾರು ಜವಾಬ್ದಾರ್ರು?" ಎಂದರು. ನಾನೇ ಜವಾಬ್ದಾರಳು ಎಂದೆ. ಆಕೆ ಮೂಲೆಯಲ್ಲಿ ಕೂತು ಬೇಳೆ ಹಸನು ಮಾಡುತ್ತಿದ್ದಾಳೆ. ನನ್ನ ಕಡೆ ನೋಡುತ್ತಿಲ್ಲ.


ಹುಮನಾಬಾದ್
5 ಜನವರಿ 2026, ಮಧ್ಯಾಹ್ನ

ಅಕ್ಕಾ, ಕೆಲಸ ಕೆಟ್ಟಿತು. ಕೋರಿಕೆಯ ಪಕ್ಕ ‘ನೋಡಲಾಗಿದೆ’ ಎಂದು ಬಂದಿದೆ. ಸರ್ ನೋಡಿಬಿಟ್ಟಿದ್ದಾರೆ. ಇನ್ನು ಯಾವ ಗಳಿಗೆಯಲ್ಲಾದರೂ ತಿರಸ್ಕಾರ ಬರುತ್ತದೆ. ಎದುರಿನ ಮೇಜಿನ ಖುಷ್ನುಮಾ, "ಯಾಕ, ಜ್ವರ ಬಂದಾವೇನು?" ಎನ್ನುತ್ತಿದ್ದಾಳೆ. ಸತ್ಯಮ್ಮನವರಿಗೆ ಏನೂ ಹೇಳಬೇಡಿ.


ಬಸವಕಲ್ಯಾಣ
5 ಜನವರಿ 2026, ಸಂಜೆ

ಹೆಂಗಸರೆಲ್ಲ ಮನೆಗೆ ಹೊರಟರು. ಆಕೆಯನ್ನು ಏನು ಹೇಳಿ ನಿಲ್ಲಿಸಿಕೊಳ್ಳಲಿ? ಬಸ್ಸು ತಪ್ಪುತ್ತದೆ. ಏನಾಯಿತೆಂದು ಆಕೆ ಕೇಳುತ್ತಲೂ ಇಲ್ಲ, ಅದೇ ನನಗೆ ಹೆದರಿಕೆ. ಬೇಗ ಬರೆ.


ಹುಮನಾಬಾದ್
5 ಜನವರಿ 2026, ಸಂಜೆ

ಆರು ದಾಟಿತು. ‘ಉತ್ತರ ಬಂದಿಲ್ಲ. ಒಪ್ಪಿಗೆ ಇದೆ ಎಂದು ತಿಳಿಯಲಾಗಿದೆ.’ ಅಕ್ಕಾ, ಹೆಸರು ಬಂತು. ಕಾರ್ಡು ಬಂತು, ನಾನು ಕಣ್ಣಾರೆ ನೋಡಿದೆ. ನಾಳೆಯೇ ಕಾಕಾನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲಿ.


ಹುಮನಾಬಾದ್
7 ಜನವರಿ 2026

ಉಜ್ವಲಕ್ಕಾ,

ನಿನ್ನೆ ಅಂಬರೀಷ ಸರ್ ಬಂದರು. ಇಡೀ ದಿನ ಆ ಮಾತೇ ತೆಗೆಯಲಿಲ್ಲ. ನಾನು ಮೇಜಿನ ಸಾಮಾನೆಲ್ಲ ಚೀಲಕ್ಕೆ ತುಂಬಿಕೊಂಡು ಕೂತಿದ್ದೆ. ಇವತ್ತು ಮಧ್ಯಾಹ್ನ ಕರೆದರು. ಕೂತುಕೋ ಎಂದರು. ಅವರ ಮಾತು ಇದು:

"ಮೊನ್ನೆ ಫೋನು ದಿನವೆಲ್ಲ ನನ್ನ ಕೈಯಾಗೇ ಇತ್ತು. ನಮ್ಮ ಸಾಫ್ಟ್‌ವೇರ್ ತಪ್ಪೇ ಮಾಡಂಗಿಲ್ಲ ಅಂತ ಸೋಲಾಪುರದ ಮಂದಿಗಿ ಹೇಳಾಕತ್ತಿದ್ದೆ. ಅದೇ ಹೊತ್ತಿಗಿ ನಿನ್ನ ಕೋರಿಕಿ ಬಂತು. ಹೂಂ ಅಂತ ಒತ್ತಿದ್ರ ನಾನೇ ಸುಳ್ಳ ಆಗ್ತಿದ್ದೆ. ಬ್ಯಾಡ ಅಂತ ಒತ್ತಾಕ ಕೈ ಬರ್ಲಿಲ್ಲ. ಆ ದಿನ ನಾನೂ ಹೊಲದಾಗ ಉಂಡವನೇ. ಸುಮ್ಮನ ಕಿಸೆದಾಗ ಇಟ್ಕೊಂಡೆ."

ನಾನು ಅತ್ತುಬಿಟ್ಟೆ. ಅವರು ಕಿಟಕಿಯ ಕಡೆ ತಿರುಗಿ, "ಆ ನಿಯಮ ತೆಗದ ಹಾಕು. ಯಾರನ್ನರ ತೆಗೀಬೇಕಾದ್ರ ಒಬ್ಬ ಮನುಷ್ಯ ಹೂಂ ಅನ್ಲಿ. ಸುಮ್ಮನಿದ್ರ ಸುಮ್ಮನಿದ್ದಾರ ಅಂತ ತಿಳೀಲಿ" ಎಂದರು. ಕೇಳದೆ ಕೋರಿಕೆ ಹಾಕಿದ್ದಕ್ಕೆ ನನ್ನನ್ನು ಕಾಯಂ ಮಾಡುವುದು ಮುಂದಕ್ಕೆ ಹೋಯಿತು. ಹೋಗಲಿ.

ಆದರೆ ನೀವು ನಿರ್ಣಾದಲ್ಲಿ ಏನಾಯಿತೆಂದು ಇನ್ನೂ ಹೇಳಿಲ್ಲ.

ಸಾಕ್ಷಿ


ಬಸವಕಲ್ಯಾಣ
20 ಜನವರಿ 2026

ಪ್ರೀತಿಯ ಸಾಕ್ಷಿ,

ಇಷ್ಟು ದಿನ ಬರೆಯದಿದ್ದಕ್ಕೆ ಬೈದುಕೊಂಡಿರುತ್ತೀ. ಹೇಳುವಂಥದ್ದು ಏನೂ ಇರಲಿಲ್ಲ, ಅದಕ್ಕೇ ಬರೆಯಲಿಲ್ಲ.

ನಿರ್ಣಾಕ್ಕೆ ಹೋದಾಗ ಆಕೆ ನೀರು ಕೊಟ್ಟಳು, ಕೂಡಲು ಚಾಪೆ ಹಾಸಿದಳು. ನಾನು ಎಲ್ಲ ಹೇಳಿದೆ. ಜಾಲಿಗಿಡ, ಕೈಚೀಲ, ಸಂಜೆ ಆರು, ನಿಮ್ಮ ನಿಯಮ, ಎಲ್ಲ. ಹೇಳುತ್ತ ಹೋದಂತೆ ನನಗೇ ಅದು ಸುಳ್ಳಿನ ಹಾಗೆ ಕೇಳಿಸತೊಡಗಿತು. ಆಕೆ ಹಾಂ ಎನ್ನಲಿಲ್ಲ, ಹೂಂ ಎನ್ನಲಿಲ್ಲ. ಕಡೆಗೆ ತುಳಜಾರಾಮನೇ ಹೊರಸಿನ ಮೇಲಿಂದ, "ಹೋಗು, ನನ ಸಲುವಾಗರ ಹೋಗು" ಎಂದ. ಆಕೆ ಮಿಲ್ಲಿಗೆ ಬಂದದ್ದು ಆ ಮಾತಿಗೆ. ನನ್ನ ಮಾತಿಗಲ್ಲ.

ಈಗ ಆತನ ಚಿಕಿತ್ಸೆ ಸರಿಯಾಗಿ ನಡೆದಿದೆ. ಪಾದದ ಬಾವು ಇಳಿದಿದೆ. ಸತ್ಯಮ್ಮ ದಿನಾ ಬರುತ್ತಾಳೆ, ಮುಖ ತೋರಿಸುತ್ತಾಳೆ, ಕೆಲಸ ಮಾಡುತ್ತಾಳೆ, ಹೋಗುತ್ತಾಳೆ. ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಟ್ಟಾಗ ಎರಡೂ ಕೈಯೊಡ್ಡಿ ತೆಗೆದುಕೊಂಡಳು, ಸೇಠರಿಂದ ತೆಗೆದುಕೊಳ್ಳುವ ಹಾಗೆ. ಮಧ್ಯಾಹ್ನದ ಚಹಾ ನಿಂತಿದೆ. ಆ ಹೊತ್ತಿಗೆ ನಾನು ಸುಮ್ಮಸುಮ್ಮನೆ ಬಾಗಿಲ ಕಡೆ ನೋಡುತ್ತೇನೆ. ಹೆಸರನ್ನು ನೀನು ಒಂದು ದಿನದಲ್ಲಿ ಮರಳಿಸಿದೆ. ಇದಕ್ಕೆ ಕೋರಿಕೆ ಎಲ್ಲಿ ಹಾಕಬೇಕು ಎಂದು ಎಷ್ಟೋ ಸಲ ನಿನ್ನನ್ನು ಕೇಳಬೇಕೆನಿಸಿತು.

ಇವತ್ತು ಸಂಜೆ ಮಿಲ್ಲು ಬಿಡುವ ಹೊತ್ತಿಗೆ ಆಕೆ ನನ್ನ ಮೇಜಿನ ಮುಂದೆ ಬಂದು ನಿಂತಳು. ಮೊದಲೆಲ್ಲ ಬಾಗಿಲಿನಿಂದಲೇ ಕೂಗಿ ಹೇಳಿ ಹೋಗುತ್ತಿದ್ದಳು.

"ನಾಳಿಗಿ ಬರಾಂಗಿಲ್ರಿ. ಮೊಮ್ಮಗನ್ನ ತೊಟ್ಲಿಗಿ ಹಾಕೂದದ."

"ಆಯ್ತು" ಎಂದೆ.

"ಹಾಂಗಲ್ರಿ. ಮೊದಲ ಅದರಾಗ ಬರೀರಿ."

ನಾನು ಕಂಪ್ಯೂಟರ್ ತೆಗೆದು ಆಕೆಯ ಹೆಸರಿನ ಮುಂದೆ ರಜೆ ಹಾಕಿದೆ. ಆಕೆ ನನ್ನ ಹೆಗಲ ಹಿಂದೆ ಬಂದು ನಿಂತು ನೋಡಿದಳು. ಓದಲು ಬಾರದು, ಆದರೂ ಪೂರ್ತಿ ಆಗುವ ತನಕ ಕದಲಲಿಲ್ಲ. ಆಕೆಯ ಫೋನು ಸದ್ದು ಮಾಡಿತು. ಅದನ್ನು ನನ್ನ ಕೈಗೆ ಕೊಟ್ಟು ಓದಿಸಿದಳು. ರಜೆ ಮಂಜೂರಾಗಿದೆ, ಇಂತಿ ಉಜ್ವಲಾ, ಎಂದು ಓದಿದೆ.

ಇನ್ನು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು ನನ್ನೆದುರಿಗೆ ಬಂದು, ಎಷ್ಟೋ ದಿನಗಳ ಮೇಲೆ ಮುಖ ಎತ್ತಿ ನನ್ನನ್ನು ನೋಡಿದಳು.

"ಅದು ಮಶೀನಿಂದು ಆತು ಬಾಯಿ," ಎಂದಳು. "ಈಗ ನೀವು ಬಾಯಿಲೆ ಹೂಂ ಅನ್ರಿ."

ಸಾಕ್ಷಿ, ನಾನು ಹೂಂ ಎಂದೆ.

ನಿನ್ನ ಅಕ್ಕ,
ಉಜ್ವಲಾ